ಜಂಬಿಟ್ಟಿಗೆ ನೆಲದಲ್ಲಿ ಮೆಟಲ್ ಡಿಟೆಕ್ಟರ್

(ಸ್ಥಳೀಯ ಇತಿಹಾಸದಲ್ಲಿ ಆಸಕ್ತಿ ಇರುವವರ ಮುಂದೆ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಪುನರುಕ್ತಿ ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಮೂರು ಪ್ಲಾಸ್ಟಿಕ್ ಟ್ರೇ ಇಟ್ಟಿದ್ದೇನೆ. ಒಂದರಲ್ಲಿ ತುಂಗೆಯ ಮರಳು, ಇನ್ನೊಂದರಲ್ಲಿ ಶಿಕಾರಿಪುರದ ಕಡೆಯ ಗದ್ದೆ ಮಣ್ಣು. ಮೂರನೆಯದು ಇಲ್ಲೇ ಊರಾಚೆ ಧರೆಯಿಂದ ಕೆದಕಿ ತಂದ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೊಚ್ಚು, ಅಂದರೆ ಅದರ ಪುಡಿಜಲ್ಲಿ. ಮೂರರಲ್ಲೂ ಲೋಹದ ಚೂರು ಇಲ್ಲ, ಬೇಕಾದರೆ ಕೈಯಾಡಿಸಿ ನೋಡಿ. ಈಗ ಡಿಟೆಕ್ಟರ್ ಹಾಕುತ್ತೇನೆ. ಮರಳಿನ ಮೇಲೆ ಹೆಚ್ಚುಕಮ್ಮಿ ಸುಮ್ಮನಿದೆ. ಗದ್ದೆ ಮಣ್ಣಿಗೆ ಸಣ್ಣಗೆ ಗೊಣಗುತ್ತದೆ. ಗೊಚ್ಚಿನ ಹತ್ತಿರ ತಂದರೆ ನೋಡಿ, ಹಿಂದಿನ ಸಾಲಿನವರಿಗೂ ಕೇಳುವ ಹಾಗೆ ಕೂಗುತ್ತಿದೆ. ಕೆಳಗೆ ಕೊಪ್ಪರಿಗೆ ಹೂತಿಟ್ಟಿದೆ ಅನ್ನಬೇಕು, ಹಾಗೆ.

ಈ ಕೂಗನ್ನು ನಂಬಿ ನಮ್ಮ ಕಡೆ ಎಷ್ಟು ಗುಂಡಿ ತೋಡಿದ್ದಾರೋ! ಅಂಗಡಿಯವರು ಡಬ್ಬದ ಮೇಲೆ ಇಷ್ಟು ಅಡಿ ಆಳ ಎಂದು ಅಚ್ಚು ಹಾಕಿರುತ್ತಾರೆ. ಆ ಅಂಕಿ ಎಲ್ಲಿಯದು, ಯಾವ ಮಣ್ಣಿನದು, ಗಾಳಿಯಲ್ಲಿ ಹಿಡಿದು ನೋಡಿದ್ದೋ ಎಂದು ಯಾರೂ ಕೇಳುವುದಿಲ್ಲ. ಡಿಟೆಕ್ಟರ್ ಮೊದಲು ಅಳೆಯುವುದು ಮಣ್ಣನ್ನು. ಮಣ್ಣನ್ನು ಕಳೆದು ಮಿಕ್ಕಿದ್ದೇನಾದರೂ ಇದ್ದರೆ ಅದು ಲೋಹ. ಇವತ್ತು ನಾನು ಹೇಳಬೇಕಾದ್ದು ಇಷ್ಟೇ, ಆದರೆ ಆ ಕಳೆಯುವ ಲೆಕ್ಕ ಮಲೆನಾಡಿನಲ್ಲಿ ಯಾಕೆ ಇಷ್ಟು ಕಷ್ಟ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ಯಂತ್ರದ ಕೆಲಸ ಹೀಗೆ. ಈ ತಟ್ಟೆಯಂಥ ಕಾಯಿಲ್ ಒಳಗೆ ಎರಡು ಸುರುಳಿಗಳಿವೆ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರ ಕಾಂತಕ್ಷೇತ್ರ ನೆಲಕ್ಕಿಳಿದು, ಅಲ್ಲಿ ಲೋಹವಿದ್ದರೆ ಅದರೊಳಗೆ ಸುಳಿ ವಿದ್ಯುತ್ ಎಬ್ಬಿಸುತ್ತದೆ. ಆ ಸುಳಿಗಳು ಹುಟ್ಟಿಸುವ ಕ್ಷೇತ್ರವನ್ನು ಎರಡನೆಯ ಸುರುಳಿ ಹಿಡಿಯುತ್ತದೆ. ಹೋದ ಅಲೆಗೂ ಬಂದ ಅಲೆಗೂ ನಡುವೆ ಎಷ್ಟು ಹಿಂದುಮುಂದಾಗಿದೆ ಎಂದು ನೋಡಿ ತಾಮ್ರವೋ ಕಬ್ಬಿಣವೋ ಎಂದು ಯಂತ್ರ ಅಂದಾಜು ಮಾಡುತ್ತದೆ. ಅದು ಅಂದಾಜೇ, ತೀರ್ಪಲ್ಲ.

ಕಷ್ಟ ಇರುವುದು ದೂರದ ಲೆಕ್ಕದಲ್ಲಿ. ಕಾಯಿಲ್‌ನ ಅಗಲ ದಾಟಿ ಕೆಳಗೆ ಹೋದ ಮೇಲೆ ಕ್ಷೇತ್ರ ದೂರದ ಘನದ ಪ್ರಮಾಣದಲ್ಲಿ ಸೊರಗುತ್ತದೆ. ಸಣ್ಣ ನಾಣ್ಯದಿಂದ ವಾಪಸು ಬರುವಾಗ ಮತ್ತೆ ಅಷ್ಟೇ ಸೊರಗುತ್ತದೆ. ಎರಡೂ ಸೇರಿ ಆರನೆಯ ಘಾತ. ಆಳ 2 ಪಟ್ಟಾದರೆ ಸದ್ದು 64ರಲ್ಲಿ ಒಂದು ಪಾಲು, 3 ಪಟ್ಟಾದರೆ 729ರಲ್ಲಿ ಒಂದು ಪಾಲು. ಮಣ್ಣಿಗೆ ಈ ಶಿಕ್ಷೆ ಇಲ್ಲ. ಅದು ಕಾಯಿಲ್‌ಗೆ ಅಂಟಿಕೊಂಡೇ ಇದೆ. ಯಕ್ಷಗಾನದಲ್ಲಿ ಚಂಡೆಯ ಪಕ್ಕ ಕೂತು, ವೇಷ ಕಟ್ಟುವ ಚೌಕಿಯಲ್ಲಿ ಯಾರೋ ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳುವ ಹಾಗೆ. ಹಾಗಾಗಿ ದುಡ್ಡು ಇಮ್ಮಡಿ ಕೊಟ್ಟು ಶಕ್ತಿ ಇಮ್ಮಡಿ ಇರುವ ಯಂತ್ರ ತಂದರೂ ಆಳ ಹತ್ತರಲ್ಲಿ ಒಂದೆರಡು ಪಾಲು ಹೆಚ್ಚೀತು, ಅಷ್ಟೇ. ಜೊತೆಗೆ ಮಣ್ಣಿನ ಸದ್ದೂ ಅಷ್ಟೇ ಹೆಚ್ಚುತ್ತದೆ.

ಈಗ ಮಣ್ಣಿಗೆ ಬರೋಣ. ಜಂಬಿಟ್ಟಿಗೆಗೆ ವಿಜ್ಞಾನದ ಹೆಸರು ಲ್ಯಾಟರೈಟ್. 1800-01ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಆ ಹೆಸರಿಟ್ಟ. ಹೆಸರಿಟ್ಟದ್ದು ಕೇರಳದ ಅಂಗಾಡಿಪುರದ ಕಲ್ಲು ನೋಡಿ. ಆದರೆ ಅದೇ ಪ್ರವಾಸದಲ್ಲಿ ನಮ್ಮ ಇಕ್ಕೇರಿ, ನಗರ (ಹಳೆಯ ಬಿದನೂರು) ಊರುಗಳ ದಾರಿಯನ್ನೂ ಅವನು ತುಳಿದಿದ್ದಾನೆ. ಕಲ್ಲು ಹುಟ್ಟುವ ರೀತಿ ಗೊತ್ತೇ ಇದೆ. ಮಳೆ ಹೊಯ್ದೂ ಹೊಯ್ದೂ ಬಂಡೆಯಲ್ಲಿ ಕರಗುವುದೆಲ್ಲ ಕರಗಿ ಹೋಗುತ್ತದೆ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿಯುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಅಂಥ ಮಳೆ ಲಕ್ಷಾಂತರ ವರ್ಷ ತೊಳೆದ ನೆಲ ಇದು.

ಕೆಂಪಗಿದೆ, ಕಬ್ಬಿಣವಿದೆ, ಅದಕ್ಕೇ ಕೂಗುತ್ತದೆ ಎಂದು ನೀವು ಅಂದುಕೊಂಡಿರಬಹುದು. ಹಾಗಲ್ಲ. ಕೆಂಪು ಬಣ್ಣ ಕೊಡುವುದು ಹೆಮಟೈಟ್ ಎಂಬ ಕಬ್ಬಿಣದ ಖನಿಜ, ಹಳದಿ ಬಣ್ಣ ಗೋಥೈಟ್ ಎಂಬ ಇನ್ನೊಂದು. ಇವೆರಡೂ ಡಿಟೆಕ್ಟರ್ ಮಟ್ಟಿಗೆ ಬಹುಪಾಲು ಸಾಧುಗಳು. ಹೆಮಟೈಟ್‌ಗಿಂತ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ನೂರಾರು ಪಟ್ಟು ಹೆಚ್ಚು ಕಾಂತೀಯ. ಭದ್ರಾವತಿ ಕಾರ್ಖಾನೆಗೆ ಅದಿರು ಕೊಟ್ಟ ಕೆಮ್ಮಣ್ಣುಗುಂಡಿಯ ಕೆಂಪು ನೋಡಿದರೆ ಯಂತ್ರ ಸಿಡಿದೇಹೋದೀತು ಅನಿಸುತ್ತದೆ. ಆದರೆ 2005ರ ಕೊನೆಯ ತನಕ ಗಣಿಗಾರಿಕೆ ನಡೆದ ಕುದುರೆಮುಖದ ಮ್ಯಾಗ್ನೆಟೈಟ್ ಅದಿರು ಅಷ್ಟು ಕೆಂಪಗಿಲ್ಲ, ಕಪ್ಪು-ಬೂದು. ಕಾಯಿಲ್‌ನ ಕೆಳಗೆ ತೂಕದ ಪ್ರಶ್ನೆ ಬಂದರೆ ಒಂದು ಮುಷ್ಟಿ ಕುದುರೆಮುಖದ ಪುಡಿ ಬುಟ್ಟಿಗಟ್ಟಲೆ ಹೆಮಟೈಟನ್ನು ಮೀರಿಸುತ್ತದೆ. ಬಣ್ಣ ನೋಡಿ ಮಣ್ಣಿನ ಗುಣ ಹೇಳಬೇಡಿ.

ಹೇಗೆ ಹೇಳುವುದು ಹಾಗಾದರೆ? ಹಳೇ ಸ್ಪೀಕರಿನ ಆಯಸ್ಕಾಂತ ಸಾಕು. ಅದನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಣ ಮಣ್ಣಿನಲ್ಲಿ ಎಳೆಯಿರಿ. ಈ ತುಂಗೆಯ ಮರಳಿನಲ್ಲಿ ಎಳೆದೆ, ನೋಡಿ, ಕವರಿಗೆ ಕಪ್ಪು ಮೀಸೆ ಬಂತು. ಸುಮ್ಮನಿದ್ದ ಮರಳಲ್ಲೂ ಇಷ್ಟು ಮ್ಯಾಗ್ನೆಟೈಟ್ ಇದೆ. ಈಗ ಗೊಚ್ಚಿನಲ್ಲಿ ಎಳೆಯುತ್ತೇನೆ. ಸಾಸಿವೆ ಗಾತ್ರದ ಕಂದು ಉಂಡೆಗಳು ಗೊಂಚಲು ಗೊಂಚಲಾಗಿ ಅಂಟಿಕೊಂಡವು. ಕವರು ಹಿಂದೆ ತೆಗೆದರೆ ಎಲ್ಲ ಉದುರಿಹೋಗುತ್ತವೆ, ಆಯಸ್ಕಾಂತ ಉಜ್ಜಿ ತೊಳೆಯುವ ರಗಳೆ ಇಲ್ಲ.

ಈ ಕಂದು ಉಂಡೆಯಲ್ಲಿರುವುದು ಹೆಚ್ಚಾಗಿ ಮ್ಯಾಗ್‌ಹೆಮೈಟ್. ಹೆಮಟೈಟ್‌ನ ರಾಸಾಯನಿಕ ಸೂತ್ರವೇ ಇದಕ್ಕೂ, ಆದರೆ ಹರಳಿನ ಜೋಡಣೆ ಬೇರೆ, ಹಾಗಾಗಿ ಕಾಂತಗುಣ ಮ್ಯಾಗ್ನೆಟೈಟ್‌ಗೆ ಹತ್ತಿರ. ಇದು ಹುಟ್ಟುವ ದಾರಿಗಳಲ್ಲಿ ಒಂದು ಬೆಂಕಿ. ತರಗೆಲೆ, ಬೇರು ಇರುವ ಮೇಲ್ಮಣ್ಣು ಸುಟ್ಟಾಗ ಗೋಥೈಟ್ ಮ್ಯಾಗ್‌ಹೆಮೈಟ್ ಆಗುತ್ತದೆ. ಮೇಲ್ಮಣ್ಣು ಅಡಿಮಣ್ಣಿಗಿಂತ ಹೆಚ್ಚು ಕಾಂತೀಯವಾಗಿರುವುದನ್ನು ಫ್ರಾನ್ಸಿನ ಲೆ ಬೋರ್ನ್ 1955ರಲ್ಲಿ ತೋರಿಸಿ, ಮುಂದೆ ಬೆಂಕಿಯ ಪಾತ್ರವನ್ನೂ ವಿವರಿಸಿದ. ಈಗ ನಮ್ಮ ಗುಡ್ಡಗಳ ಕಥೆ ನೆನಪು ಮಾಡಿಕೊಳ್ಳಿ. ಹಿಂದೆ ಕುಮರಿ ಬೇಸಾಯಕ್ಕೆ ಕಾಡು ಕಡಿದು ಸುಡುತ್ತಿದ್ದರು. ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಬೇಸಿಗೆಯಲ್ಲಿ ಬೆಂಕಿ ಬೀಳುವುದು ಇವತ್ತಿಗೂ ಇದೆ. ತರಗು, ಮಣ್ಣು ಒಟ್ಟಿ ಸುಡುಮಣ್ಣು ಮಾಡಿ ಗಿಡಗಳ ಬುಡಕ್ಕೆ ಹಾಕುವವರು ನಮ್ಮಲ್ಲೂ ಕರಾವಳಿಯಲ್ಲೂ ಇದ್ದಾರೆ. ಸುಡುಮಣ್ಣಿನ ರಾಶಿ ಹಾಕಿದ್ದ ಜಾಗದ ಮೇಲೆ ಕಾಯಿಲ್ ಆಡಿಸಿ ನೋಡಿ, ರಾಶಿ ಎತ್ತಿ ಎಷ್ಟೋ ವರ್ಷ ಆಗಿದ್ದರೂ ಗುರುತು ಹತ್ತುತ್ತದೆ.

ಇನ್ನೂ ಒಂದು ತೊಡಕಿದೆ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಬರೀ ಮ್ಯಾಗ್ನೆಟೈಟ್ ಇದ್ದರೆ ಅದರ ಉತ್ತರ ಕ್ಷೇತ್ರದ ಜೊತೆಗೇ ಏರಿ ಜೊತೆಗೇ ಇಳಿಯುತ್ತದೆ, ವಿಳಂಬ ಇಲ್ಲ. ಅದನ್ನು ಕಳೆಯುವುದು ಸುಲಭ. ಕಾಯಿಲನ್ನು ನೆಲದ ಮೇಲೆ ಏರಿಸಿ ಇಳಿಸಿ ಗ್ರೌಂಡ್ ಬ್ಯಾಲೆನ್ಸ್ ಮಾಡುತ್ತೇವಲ್ಲ, ಅದು ಮಾಡುವುದು ಇದನ್ನೇ. ಆದರೆ ಹಳೆಯ, ಚೆನ್ನಾಗಿ ಕಳಿತ ಕೆಂಪು ಮಣ್ಣಿನಲ್ಲಿ ಮಿಲಿಮೀಟರಿನ ಲಕ್ಷದಲ್ಲಿ ಒಂದೆರಡು ಪಾಲಿನಷ್ಟು ಸಣ್ಣ ಕಾಂತಕಣಗಳೂ ಇರುತ್ತವೆ. ಇವು ಕ್ಷೇತ್ರ ಬದಲಾದ ಮೇಲೆ ತಡವಾಗಿ ತಿರುಗುತ್ತವೆ. ತಡವಾಗಿ ಬರುವ ಉತ್ತರವೇ ತಾನೇ ಲೋಹದ ಗುರುತು? ಮಣ್ಣೇ ಲೋಹದ ವೇಷ ಹಾಕಿಕೊಂಡು ಬಂದರೆ ಯಂತ್ರ ಏನು ಮಾಡೀತು. ಪಲ್ಸ್ ಇಂಡಕ್ಷನ್ ಎಂಬ ಇನ್ನೊಂದು ಬಗೆಯ ಯಂತ್ರ ವಿದ್ಯುತ್ತನ್ನು ಫಕ್ಕನೆ ನಿಲ್ಲಿಸಿ, ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಕಾದು, ಆಮೇಲೆ ಕಿವಿಗೊಡುತ್ತದೆ. ಮ್ಯಾಗ್ನೆಟೈಟ್ ಇರುವ ಮಣ್ಣನ್ನು ಅದು ಬಹುಮಟ್ಟಿಗೆ ದಾಟುತ್ತದೆ. ಈ ಸೋಮಾರಿ ಕಣಗಳಿಗೆ ಅದೂ ಬೇಸ್ತು ಬೀಳುತ್ತದೆ. ಅಲ್ಲದೆ ಕಬ್ಬಿಣ ಯಾವುದು ತಾಮ್ರ ಯಾವುದು ಎಂದು ಹೇಳಲು ಅದಕ್ಕೆ ಸರಿಯಾಗಿ ಬರುವುದಿಲ್ಲ.

ನೆಲಬಾಂಬು ತೆಗೆಯುವವರು ಇದರಿಂದ ಬಹಳ ಪಾಡು ಪಟ್ಟಿದ್ದಾರೆ. ಮೊಜಾಂಬಿಕ್, ಅಂಗೋಲ, ಕಾಂಬೋಡಿಯಾಗಳ ಲ್ಯಾಟರೈಟ್ ನೆಲದಲ್ಲಿ ಬೇರೆ ಕಡೆ ಒಳ್ಳೆಯ ಹೆಸರಿದ್ದ ಯಂತ್ರಗಳು ಕೈಕೊಟ್ಟವು. ಅಲ್ಲಿ ತಪ್ಪಿದರೆ ಕಾಲು ಹೋಗುತ್ತದೆ, ಹಾಗಾಗಿ ಅವರು ಡಬ್ಬದ ಅಂಕಿ ನಂಬುವವರಲ್ಲ. ಯುರೋಪಿನವರು ಡಿಟೆಕ್ಟರ್ ಪರೀಕ್ಷೆಗೆ ಒಂದು ಒಪ್ಪಂದ ಮಾಡಿಕೊಂಡಾಗ ಮಣ್ಣಿನ ಗುಣ ಅಳೆಯುವುದಕ್ಕೇ 2008ರಲ್ಲಿ ಪ್ರತ್ಯೇಕ ಭಾಗ ಸೇರಿಸಿದರು. ಕೆಲಸ ಶುರು ಮಾಡುವ ಮೊದಲು ಅದೇ ಜಾಗದ ಮಣ್ಣಿನಲ್ಲಿ ಗೊತ್ತಿರುವ ವಸ್ತು ಹೂತು ಪರೀಕ್ಷಿಸುವುದು ಅವರ ಕ್ರಮ. ನಾವೂ ಮಾಡಬೇಕಾದ್ದು ಅದನ್ನೇ. ಕಾಯಿಲ್ ಚಿಕ್ಕದಿರಲಿ, ಚಿಕ್ಕ ಕಾಯಿಲ್ ಕಡಿಮೆ ಮಣ್ಣು ನೋಡುತ್ತದೆ. ಎರಡು ಇಂಗ್ಲಿಷ್ ಡಿ ಅಕ್ಷರ ಬೆನ್ನಿಗೆ ಬೆನ್ನು ಕೊಟ್ಟಂತೆ ಸುತ್ತಿದ ಡಬಲ್ ಡಿ ಕಾಯಿಲ್ ಆದರೆ ಒಳ್ಳೆಯದು. ಸೆನ್ಸಿಟಿವಿಟಿ ಪೂರ್ತಿ ಏರಿಸಬೇಡಿ. ಗೊಚ್ಚು ನೆಲದಲ್ಲಿ ಅದನ್ನು ಇಳಿಸಿದಾಗಲೇ ಆಳದ್ದು ಕೇಳುತ್ತದೆ.

ಮಳೆಗಾಲದಲ್ಲಿ ಒದ್ದೆ ನೆಲದಲ್ಲಿ ಆಳ ಹೆಚ್ಚು ಸಿಗುತ್ತದೆ ಅನ್ನುತ್ತಾರೆ. ಸಿಹಿನೀರು ಈ ಆವರ್ತನಗಳಲ್ಲಿ ಹೆಚ್ಚೇನೂ ವ್ಯತ್ಯಾಸ ಮಾಡುವುದಿಲ್ಲ. ಉಪ್ಪುನೀರು ಮಾಡುತ್ತದೆ, ಆದರೆ ಅದು ಘಟ್ಟದ ಕೆಳಗಿನವರ ತಾಪತ್ರಯ.

ಈಗ ಎರಡನೆಯ ಭಾಗ, ಜಾಗದ ವಯಸ್ಸು. ಹಳೆಯ ಜಾಗವಾದಷ್ಟೂ ವಸ್ತು ಆಳದಲ್ಲಿರುತ್ತದೆ ಅನ್ನುವುದು ಸಾಮಾನ್ಯ ನಂಬಿಕೆ. ಎರೆಹುಳ ಮಣ್ಣು ಮೇಲೆ ತಂದು ಹಾಕಿ ಕಲ್ಲುಗಳು ನಿಧಾನಕ್ಕೆ ಹೂತುಹೋಗುವುದನ್ನು ಡಾರ್ವಿನ್ ತನ್ನ ಮನೆಯ ಹುಲ್ಲುಗಾವಲಲ್ಲಿ ಅಳೆದು 1881ರಲ್ಲಿ ಬರೆದ. ಸಮತಟ್ಟಾದ, ಯಾರೂ ಮುಟ್ಟದ ಹುಲ್ಲುಗಾವಲಿಗೆ ಅದು ಸರಿ. ನಮ್ಮ ನೆಲ ಯಾವತ್ತು ಸಮತಟ್ಟಾಗಿತ್ತು, ಯಾವತ್ತು ಸುಮ್ಮನಿತ್ತು? ಅಡಿಕೆ ತೋಟ ನೋಡಿ. ಕೆಲವು ವರ್ಷಕ್ಕೊಮ್ಮೆ ಧರೆ ಕಡಿದು ಹೊಸ ಮಣ್ಣು ಹಾಕುತ್ತೇವೆ. ಕಪ್ಪಿನ (ತೋಟದ ಬಸಿಗಾಲುವೆಯ) ಹೂಳೆತ್ತಿ ಮರದ ಬುಡಕ್ಕೆ ಏರಿಸುತ್ತೇವೆ. ಸೊಪ್ಪಿನ ಬೆಟ್ಟದ ಸೊಪ್ಪು, ಕೊಟ್ಟಿಗೆ ಗೊಬ್ಬರ ಬೇರೆ. ಅಜ್ಜನ ಕಾಲದಲ್ಲಿ ಬಿದ್ದ ಒಂದಾಣೆ ಇವತ್ತು ಮೊಳದಾಳದಲ್ಲಿರಬಹುದು. ಅದೇ ತೋಟದಲ್ಲಿ ಧರೆಯಿಂದ ಬಂದ ಮಣ್ಣಿನ ಜೊತೆ ಕೆಳದಿ ನಾಯಕರ ಕಾಲದ ತುಣುಕು ಬಂದು ಮೇಲೇ ಕೂತಿರಬಹುದು. ಇತ್ತ ಗುಡ್ಡದ ಓರೆಯಲ್ಲಿ ಮಳೆ ಮಣ್ಣನ್ನೇ ಕೊಚ್ಚಿಕೊಂಡು ಹೋಗಿ, ಕೆಳಗಿದ್ದದ್ದು ತಾನಾಗಿ ಮೇಲೆ ಬಂದಿರುತ್ತದೆ. ಗದ್ದೆಯಲ್ಲಿ ಕೆಸರು ಹೂಟೆ ಮಾಡಿ ಮಾಡಿ ಭಾರದ ವಸ್ತು ನೇಗಿಲ ಗೆರೆಯ ಕೆಳಗಿನ ಗಟ್ಟಿ ಪದರಕ್ಕೆ ಇಳಿದು ನಿಂತಿರುತ್ತದೆ, ಐವತ್ತು ವರ್ಷದ್ದೂ ಅಲ್ಲೇ, ಐನೂರು ವರ್ಷದ್ದೂ ಅಲ್ಲೇ.

ಇನ್ನು ಲೋಹಗಳ ಪಾಡು. ನಮ್ಮ ಹುಳಿ ಮಣ್ಣಿನಲ್ಲಿ ಕಬ್ಬಿಣ ಬೇಗ ಸೊರಗುತ್ತದೆ. ಸಣ್ಣ ಮೊಳೆಯಾದರೆ ಕೆಲವು ತಲೆಮಾರಿನಲ್ಲಿ ಒಳಗಿನ ತಿರುಳು ಹೋಗಿ ತುಕ್ಕಿನ ಅಚ್ಚು ಉಳಿಯುತ್ತದೆ. ತುಕ್ಕಿಗೆ ವಿದ್ಯುತ್ ಹರಿಸುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ಅದು ಮಣ್ಣಿನ ಇನ್ನೊಂದು ಕಾಂತೀಯ ಗಂಟು ಅಷ್ಟೇ. ತಾಮ್ರ ಹಸಿರುಗಟ್ಟಿ ತೆಳ್ಳಗಾಗುತ್ತದೆ. ಬಂಗಾರ ಹಾಗೇ ಇರುತ್ತದೆ. ಹೂತು ಬಹಳ ಕಾಲವಾದ ವಸ್ತುವಿನ ಸುತ್ತ ಲೋಹ ಇಳಿದು ಸದ್ದು ದೊಡ್ಡದಾಗುತ್ತದೆ ಎಂದು ಡಿಟೆಕ್ಟರ್ ಹವ್ಯಾಸಿಗಳು ಹೇಳುವುದುಂಟು. ಕಬ್ಬಿಣದ ವಿಷಯದಲ್ಲಿ ಸ್ವಲ್ಪ ಒಪ್ಪಬಹುದು, ತುಕ್ಕು ಸುತ್ತ ಹರಡುತ್ತದೆ. ಬಂಗಾರಕ್ಕೆ ಕರಗುವ ಸ್ವಭಾವವೇ ಇಲ್ಲ, ಅದರ ಸುತ್ತ ಹರಡುವುದೇನು?

ಕೆಳದಿ ಅರಸರ ಇಕ್ಕೇರಿ ವರಹ ಸುಮಾರು 3.4 ಗ್ರಾಂ ತೂಕದ ಪುಟ್ಟ ಬಂಗಾರದ ನಾಣ್ಯ. ಆ ಕಾಲದ ‘ಹಣ’ ಎಂಬ ನಾಣ್ಯ ಇನ್ನೂ ಚಿಕ್ಕದು, ಸುಮಾರು ಅದರ ಹತ್ತನೆಯ ಒಂದು ಪಾಲು. ಇಷ್ಟು ಚಿಕ್ಕ ಬಂಗಾರದ ಸದ್ದು ಡಿಟೆಕ್ಟರ್‌ನಲ್ಲಿ ಎಲ್ಲಿ ಬೀಳುತ್ತದೆ ಗೊತ್ತೆ? ಮಾತ್ರೆಯ ಅಲ್ಯೂಮಿನಿಯಂ ಹಾಳೆ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ಇವುಗಳ ಸಾಲಿನಲ್ಲಿ. ಕಸ ಬೇಡ ಎಂದು ಆ ಸಾಲನ್ನು ಯಂತ್ರದಲ್ಲಿ ಮುಚ್ಚಿದರೆ ಹಣವೂ ಮುಚ್ಚಿಹೋಯಿತು. ಹಳೆಯ ಜಾಗದ ಮೇಲೆ ಹೊಸ ಕಾಲ ಎಷ್ಟು ನಡೆದಾಡಿದೆ ಅನ್ನುವುದು ಅದಕ್ಕೇ ಮುಖ್ಯ. ತಾಳಗುಂದದಲ್ಲಿ ಕದಂಬರ ಕಾಲದ ಶಾಸನವಿದೆ, ಇವತ್ತೂ ಜನ ಬದುಕಿದ್ದಾರೆ. ಅಂಥ ಊರಿಗೆ ಒಂದು ವಯಸ್ಸಿಲ್ಲ, ಪದರ ಪದರವಾಗಿ ಹಲವು ವಯಸ್ಸು. ಅದಕ್ಕೆ ಹೋಲಿಸಿದರೆ ಲಿಂಗನಮಕ್ಕಿ ಹಿನ್ನೀರಿನ ಊರುಗಳು ಎಳೆಯವು, 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಬಿಟ್ಟುಹೋದವು. ಬೇಸಿಗೆಯಲ್ಲಿ ನೀರಿಳಿದಾಗ ಮನೆಗಳ ಪಂಚಾಂಗ (ಅಡಿಪಾಯ), ಮಡೇನೂರಿನ ಹಳೇ ಅಣೆ ಮೇಲೆ ಬರುತ್ತವೆ. ಅಲೆ ಬಡಿದು ಸಣ್ಣ ಮಣ್ಣೆಲ್ಲ ತೊಳೆದುಹೋಗಿ ಬರೀ ಗೊಚ್ಚು, ಹೆಂಚಿನ ಚೂರು, ಮೊಳೆ ಉಳಿದಿವೆ. ಡಿಟೆಕ್ಟರ್‌ಗೆ ನಾಲ್ಕುನೂರು ವರ್ಷದ ಗದ್ದೆಗಿಂತ ಈ ಅರುವತ್ತು ವರ್ಷದ ದಂಡೆ ಹೆಚ್ಚು ಕಠಿಣ. ಹೆಂಚು, ಇಟ್ಟಿಗೆ, ಒಲೆಯ ಬುಡದ ಮಣ್ಣು ಇವೂ ಸುಟ್ಟ ಮಣ್ಣೇ ತಾನೇ, ಇವೂ ಕೂಗುತ್ತವೆ. ಹಳೆಯ ಕುಲುಮೆ ಇದ್ದ ಕಡೆ ಕಬ್ಬಿಣದ ಕಿಟ್ಟ ಬಿದ್ದಿದ್ದರಂತೂ ಯಂತ್ರ ಆಫ್ ಮಾಡಿ ಕಣ್ಣಲ್ಲಿ ನೋಡುವುದೇ ವಾಸಿ.

ಇಲ್ಲಿ ನಗರದ ಬಾವಿಯ ಮಾತು ಬರಲೇಬೇಕು. ಹೊಸನಗರ ತಾಲ್ಲೂಕಿನ ನಗರ ಅಂದರೆ ಹಳೆಯ ಬಿದನೂರು, 1763ರಲ್ಲಿ ಹೈದರಾಲಿ ಗೆದ್ದುಕೊಂಡ ಕೆಳದಿ ರಾಜಧಾನಿ. ಅಲ್ಲಿ 2002ರಲ್ಲಿ ಬಾವಿ ಶುಚಿ ಮಾಡುವಾಗ 160ರಷ್ಟು ಕಬ್ಬಿಣದ ರಾಕೆಟ್ ಸಿಕ್ಕಿದ್ದವು. 2018ರಲ್ಲಿ ಪುರಾತತ್ವ ಇಲಾಖೆ ಅಗೆದಾಗ ಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಬಂದವು. ಗೇಣಿಗೂ ಮಿಕ್ಕಿದ ಉದ್ದದ ತುಕ್ಕು ಹಿಡಿದ ಕೊಳವೆಗಳು, ಹೈದರ್-ಟಿಪ್ಪು ಕಾಲದವು. ಸುಳಿವು ಕೊಟ್ಟದ್ದು ಯಂತ್ರವಲ್ಲ, ಬಾವಿಯ ಮಣ್ಣಿಗಿದ್ದ ಮದ್ದಿನ ವಾಸನೆ. ಈ ಕೈ ಡಿಟೆಕ್ಟರ್ ಹಿಡಿದು ಬಾವಿಕಟ್ಟೆಯ ಮೇಲೆ ನಿಂತಿದ್ದರೆ ಆಳದ ರಾಶಿ ಇದಕ್ಕೆ ಎಟುಕುತ್ತಿತ್ತು ಎಂದು ನನಗನಿಸುವುದಿಲ್ಲ. ಸುತ್ತ ಜಂಬಿಟ್ಟಿಗೆ ಬೇರೆ. ಅಂಥ ಕಡೆ ಬೇಕಾದದ್ದು ಮ್ಯಾಗ್ನೆಟೋಮೀಟರ್. ಅದು ಏನನ್ನೂ ಕಳಿಸುವುದಿಲ್ಲ, ಭೂಮಿಯ ಕಾಂತಕ್ಷೇತ್ರ ಎಲ್ಲಿ ಕೆಟ್ಟಿದೆ ಎಂದು ನೋಡುತ್ತದೆ ಅಷ್ಟೇ. ಒಂದೇ ದಿಕ್ಕಿನ ದಾರಿಯಾದ್ದರಿಂದ ಆರನೆಯ ಘಾತ ಇಲ್ಲ, ಮೂರನೆಯದಷ್ಟೇ. ಸಾವಿರ ಕಬ್ಬಿಣದ ಕೊಳವೆ ಒಟ್ಟಿಗಿದ್ದರೆ ಮೇಲಿನಿಂದಲೇ ಗೊತ್ತಾಗುವ ಸಾಧ್ಯತೆ ಇತ್ತು. ಬಂಗಾರ ಮಾತ್ರ ಅದಕ್ಕೆ ಕಾಣುವುದೇ ಇಲ್ಲ. ನಿಧಿಯ ಆಸೆಯವರಿಗೆ ಆ ಯಂತ್ರ ಹಿಡಿಸದಿರುವುದಕ್ಕೆ ಇದೇ ಕಾರಣ ಇರಬೇಕು.

ನಿಧಿಯ ಮಾತು ಬಂತು. ಮೊದಲು ಅಂಜನ ಹಾಕಿ ನೋಡಿಸುತ್ತಿದ್ದರು, ಈಗ ಡಿಟೆಕ್ಟರ್ ತರುತ್ತಾರೆ. ಗುಂಡಿ ಬೀಳುವುದು ಮಾತ್ರ ಅದೇ ವೀರಗಲ್ಲಿನ ಬುಡದಲ್ಲಿ, ಅದೇ ಪಾಳು ಗುಡಿಯ ಗರ್ಭಗುಡಿಯಲ್ಲಿ. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಕೇಂದ್ರ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮದೇ ಹಿತ್ತಲಲ್ಲಿ ನಿಧಿ ಸಿಕ್ಕರೂ ಸರ್ಕಾರಕ್ಕೆ ತಿಳಿಸಬೇಕು, ಅದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಹೊಲದಲ್ಲಿ ಡಿಟೆಕ್ಟರ್ ಹಿಡಿದು ಅಡ್ಡಾಡುವ ಇಂಗ್ಲೆಂಡಿನವರ ವಿಡಿಯೊ ನೋಡಿ ಇಲ್ಲಿ ಹೊರಟರೆ ಅಲ್ಲಿನ ಕಾನೂನೂ ಇಲ್ಲಿಲ್ಲ, ಅಲ್ಲಿನ ಮಣ್ಣೂ ಇಲ್ಲಿಲ್ಲ.

ಪ್ರಶ್ನೆಗಳು ಕೆಲವು.

ಒಬ್ಬ ಹಿರಿಯರು ಕೇಳಿದರು: "ಬಂಗಾರ ಮಾತ್ರ ಹುಡುಕುವ ಯಂತ್ರ ಬಂದಿದೆಯಂತೆ, ನೂರು ಮೀಟರ್ ದೂರದಿಂದ ದಿಕ್ಕು ತೋರಿಸುತ್ತದಂತೆ, ಹೌದಾ?" ಇಲ್ಲ. ಎರಡು ಸಲಾಕೆ ತಿರುಗುವ ಆ ಯಂತ್ರ ರೈಸ್ ಪುಲ್ಲರ್, ಇರಿಡಿಯಂ ತಂಬಿಗೆಗಳ ಮೋಸದ ಸಂಸಾರಕ್ಕೆ ಸೇರಿದ್ದು. ಲಕ್ಷಗಟ್ಟಲೆ ಕೊಟ್ಟವರಿದ್ದಾರೆ, ನಾಚಿಕೆಗೆ ದೂರು ಕೊಡುವುದಿಲ್ಲ.

ತೋಟದವರೊಬ್ಬರ ಪ್ರಶ್ನೆ: "ಕೊಳೆರೋಗಕ್ಕೆ ವರ್ಷ ವರ್ಷ ಬೋರ್ಡೋ ಹೊಡೀತೀವಿ. ಮಣ್ಣಿಗೆ ಅಷ್ಟು ಮೈಲುತುತ್ತ ಇಳಿದಿದ್ದಕ್ಕೆ ಡಿಟೆಕ್ಟರ್ ಕೂಗುತ್ತಾ?" ಕೂಗುವುದಿಲ್ಲ. ಮೈಲುತುತ್ತದಲ್ಲಿರುವ ತಾಮ್ರ ಲವಣ, ಲೋಹವಲ್ಲ. ಸುಳಿ ವಿದ್ಯುತ್ ಹರಿಯಲು ಅಲ್ಲಿ ದಾರಿಯಿಲ್ಲ. ದೋಟಿಯಿಂದ ಕಳಚಿ ಬಿದ್ದ ಹಿತ್ತಾಳೆ ನಾಜಲ್ ಇದ್ದರೆ ಅದು ಚೆನ್ನಾಗಿ ಕೂಗುತ್ತದೆ. ಅಡಿಕೆ ಕೊನೆ ಕೊಯ್ಯುವ ಕೊನೆಗಾರರು ಬೀಳಿಸಿಕೊಂಡ ಕತ್ತಿಯೂ ಸಿಗುತ್ತದೆ, ಅದಕ್ಕೆ ಅಗ್ಗದ ಯಂತ್ರ ಸಾಕು.

ಕೊನೆಗೆ ಒಬ್ಬ ತಾಯಿ, ಹೋದ ವರ್ಷ ತೋಟದಲ್ಲಿ ಬೆಂಡೋಲೆ ಕಳೆದುಕೊಂಡವರು, "ಅದು ಸಿಗುತ್ತದಾ?" ಎಂದರು. ಎಲ್ಲಿ ಬಿತ್ತು ಎಂದು ನಾಲ್ಕು ಮಾರು ಜಾಗದೊಳಗೆ ಹೇಳಬಲ್ಲಿರಾದರೆ ಪ್ರಯತ್ನ ಮಾಡಬಹುದು. ಆದರೆ ನೆಲದ ಮೇಲೆ ಕಾಯಿಲ್ ಆಡಿಸುತ್ತ ಕೂರಬೇಡಿ, ಅಷ್ಟು ಸಣ್ಣ ಬಂಗಾರವನ್ನು ಈ ಮಣ್ಣು ನುಂಗಿಬಿಡುತ್ತದೆ. ತರಗು ಸಮೇತ ಮೇಲಿನ ಎರಡಂಗುಲ ಮಣ್ಣನ್ನು ಕೆರೆದು ಬುಟ್ಟಿಗೆ ತುಂಬಿ. ಅಡಿಕೆ ಒಣಗಿಸುವ ಅಟ್ಟದ ಮೇಲೆ ತಟ್ಟಿ ಹಾಸಿ, ಮಣ್ಣನ್ನು ಅರ್ಧ ಅಂಗುಲಕ್ಕಿಂತ ದಪ್ಪ ಆಗದ ಹಾಗೆ ಹರಡಿ. ನೆಲ ಅಷ್ಟು ಕೆಳಗೆ ಉಳಿಯುವುದರಿಂದ ಕೂಗು ಬಹಳ ಕಡಿಮೆಯಾಗುತ್ತದೆ, ಕಾಯಿಲ್ ಮತ್ತು ಓಲೆಯ ನಡುವೆ ದೂರವೂ ಇರುವುದಿಲ್ಲ. ಅಟ್ಟದ ದಬ್ಬೆಗೆ ಮೊಳೆ ಹೊಡೆದಿದ್ದರೆ, ಬೈಂಡಿಂಗ್ ತಂತಿ ಬಿಗಿದಿದ್ದರೆ ಆ ಜಾಗ ಬಿಟ್ಟು ಹರಡಿ.